ಕಪ್‌ಕೇಕ್ ಕಾಗದಕ್ಕೆ ಅಂಟಿದರೆ ಮೈದಾ ಕಲಬೆರಕೆಯೇ? ಕೊಟ್ಟೆ ಕಡುಬಿನಲ್ಲಿದೆ ಉತ್ತರ

ಮಗುವಿನ ಹುಟ್ಟುಹಬ್ಬಕ್ಕೆಂದು ಮನೆಯಲ್ಲೇ ಕಪ್‌ಕೇಕ್ ಮಾಡುತ್ತೀರಿ. ಕಾಗದ ಬಿಡಿಸಲು ಹೋದರೆ ಅರ್ಧ ಕೇಕ್ ಕಾಗದದ ಜೊತೆಗೇ ಬರುತ್ತದೆ. ‘ಮೈದಾದಲ್ಲಿ ಏನೋ ಬೆರೆಸಿರಬೇಕು’ ಎಂಬ ಅನುಮಾನ ಒಬ್ಬರದ್ದು. ‘ನ್ಯೂಸ್‌ಪೇಪರಿಗೆ ಎಣ್ಣೆ ಸವರಿ ಹಾಕಿ, ಅಂಟುವುದೇ ಇಲ್ಲ’ ಎಂಬ ಸಲಹೆ ಇನ್ನೊಬ್ಬರದ್ದು. ಇದರಲ್ಲಿ ಯಾವುದು ಸರಿ?

ಎರಡೂ ಸರಿಯಲ್ಲ. ಮೊದಲನೆಯದು ತಪ್ಪು ತಿಳಿವಳಿಕೆ, ಎರಡನೆಯದು ಆರೋಗ್ಯಕ್ಕೆ ಅಪಾಯ.

ಕೊಟ್ಟೆ ಕಡುಬು ಯಾಕೆ ಅಂಟುವುದಿಲ್ಲ?

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರಿಗೆ ಕೊಟ್ಟೆ ಕಡುಬು ಗೊತ್ತೇ ಇರುತ್ತದೆ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿ ಕೊಟ್ಟೆ ಮಾಡಿ, ಅದರೊಳಗೆ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಒಂದು ಲೆಕ್ಕದಲ್ಲಿ ಅದೂ ಕಪ್‌ಕೇಕೇ. ಕಾಗದದ ಬದಲು ಎಲೆ, ಒವನ್ ಬದಲು ಹಬೆ. ಹಿಟ್ಟಿನಲ್ಲಿ ಬೆಣ್ಣೆಯೂ ಇಲ್ಲ, ಎಣ್ಣೆಯೂ ಇಲ್ಲ. ಆದರೂ ತಣಿದ ಮೇಲೆ ಎಲೆ ಸಲೀಸಾಗಿ ಬಿಡುತ್ತದೆ.

ಇದಕ್ಕೆ ಮೊದಲ ಕಾರಣ ಎಲೆಯ ಮೇಲ್ಮೈ. ಹಲಸಿನ ಎಲೆಯ ಮೇಲೆ ಮೇಣದಂಥ ತೆಳು ಪದರ ಇರುತ್ತದೆ. ಅದು ನೀರನ್ನು ಹೀರುವುದಿಲ್ಲ, ಹಾಗಾಗಿ ಹಿಟ್ಟಿಗೆ ಒಳಗೆ ಇಳಿಯಲು ಜಾಗವಿಲ್ಲ. ಮಾಮೂಲಿ ಕಾಗದ ಹಾಗಲ್ಲ. ಅದು ನಾರುಗಳ ಹೆಣಿಗೆ. ಒದ್ದೆ ಹಿಟ್ಟು ನಾರುಗಳ ನಡುವೆ ಸೇರಿಕೊಂಡು ಅಲ್ಲೇ ಬೆಂದು ಗಟ್ಟಿಯಾಗುತ್ತದೆ.

ಎರಡನೆಯ ಕಾರಣ ಕಾಯುವುದು. ಒಲೆಯಿಂದ ಇಳಿಸಿದ ಕೂಡಲೇ ಬಿಡಿಸಿದರೆ ಕಡುಬೂ ಎಲೆಗೆ ಮೆತ್ತಿಕೊಳ್ಳುತ್ತದೆ. ಬಿಸಿಯಲ್ಲಿ ಹಿಟ್ಟಿನ ಪಿಷ್ಟ ಮೆದುವಾಗಿ ಅಂಟಂಟಾಗಿರುತ್ತದೆ, ತಣಿಯುತ್ತಾ ಬಿಗಿಯಾಗುತ್ತದೆ. ಕೇಕಿನ ಮೈದಾಕ್ಕೂ ಇದೇ ನಿಯಮ.

ಹಾಗಾದರೆ ಕಲಬೆರಕೆ?

ಕಾಗದಕ್ಕೆ ಅಂಟುವುದು ಕಲಬೆರಕೆ ಪತ್ತೆಹಚ್ಚುವ ಪರೀಕ್ಷೆಯಲ್ಲ. ಮೈದಾ ಕಲಸಿದಾಗ ರಬ್ಬರಿನಂತೆ ಎಳೆ ಬರುವುದು ಕೂಡ ಪ್ಲಾಸ್ಟಿಕ್‌ನಿಂದಲ್ಲ. ಅದು ಗೋಧಿಯಲ್ಲೇ ಇರುವ ಪ್ರೋಟೀನ್‌ಗಳಿಂದ ಉಂಟಾಗುವ ಗ್ಲುಟೆನ್.

ಅಂಟದಿರಲು ಏನು ಮಾಡಬೇಕು?

• ಒಳ್ಳೆಯ ಕಾಗದ ಆರಿಸಿ. ಜಿಡ್ಡು ಹೀರದ ‘ಗ್ರೀಸ್‌ಪ್ರೂಫ್’ ಕಪ್ ಅಥವಾ ಸಿಲಿಕೋನ್ ಲೇಪವಿರುವ ‘ಪಾರ್ಚ್‌ಮೆಂಟ್’ ಕಾಗದ ಉತ್ತಮ. ಮೇಣದ ಕಾಗದ (ವ್ಯಾಕ್ಸ್ ಪೇಪರ್) ಬೇಡ, ಒವನ್ ಬಿಸಿಗೆ ಮೇಣ ಕರಗುತ್ತದೆ.
• ಕಪ್ ತೆಳುವಾಗಿದ್ದರೆ ಒಳಗೆ ತುಸು ಎಣ್ಣೆ ಸವರಿ. ಬೆಣ್ಣೆ, ಎಣ್ಣೆ ತೀರಾ ಕಡಿಮೆ ಹಾಕಿದ ‘ಡಯಟ್’ ಕೇಕ್ ಹೆಚ್ಚು ಅಂಟುತ್ತದೆ.
• ಪೂರ್ತಿ ಬೆಂದಿದೆಯೇ ನೋಡಿ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟದೆ ಬರಬೇಕು.
• ಒವನ್‌ನಿಂದ ತೆಗೆದು 5-10 ನಿಮಿಷದಲ್ಲಿ ಕೇಕ್‌ಗಳನ್ನು ಟ್ರೇಯಿಂದ ಎತ್ತಿ ತಂತಿಯ ಜಾಲರಿ ಮೇಲಿಡಿ. ಟ್ರೇಯಲ್ಲೇ ಬಿಟ್ಟರೆ ಹಬೆ ನೀರಾಗಿ ಕಾಗದ ಒದ್ದೆಯಾಗುತ್ತದೆ.
• ಪೂರ್ತಿ ತಣಿದ ಮೇಲೆ ಬಿಡಿಸಿ. ಸುಮಾರು ಒಂದು ಗಂಟೆ ಬೇಕಾಗಬಹುದು.
• ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಬೇಡಿ. ಕರಾವಳಿಯ ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಹೆಚ್ಚು. ಒಳಗಿನ ಹಬೆಯೂ ಸೇರಿದರೆ ಕೇಕ್ ಬೆವರಿ ಅಂಟಂಟಾಗುತ್ತದೆ. ಆರ್ಡರ್ ತೆಗೆದುಕೊಂಡು ಮನೆಯಲ್ಲಿ ಕೇಕ್ ಮಾಡುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ನ್ಯೂಸ್‌ಪೇಪರ್ ಯಾಕೆ ಬೇಡ?

ಮುದ್ರಣದ ಶಾಯಿಯಲ್ಲಿ ಸೀಸದಂಥ ಲೋಹಗಳು ಮತ್ತು ಇತರ ರಾಸಾಯನಿಕಗಳು ಇರಬಹುದು. ಎಣ್ಣೆ ಮತ್ತು ಬಿಸಿ ಎರಡೂ ಸೇರಿದರೆ ಅವು ಆಹಾರಕ್ಕೆ ಇಳಿಯುವುದು ಸುಲಭ. ಎಣ್ಣೆ ಸವರಿದ ಮಾತ್ರಕ್ಕೆ ಪೇಪರ್ ಸುರಕ್ಷಿತವಾಗುವುದಿಲ್ಲ, ಅಪಾಯ ಹೆಚ್ಚುತ್ತದೆ. ಆಹಾರ ಸುತ್ತಲು, ಇಡಲು ನ್ಯೂಸ್‌ಪೇಪರ್ ಬಳಸುವುದನ್ನು ದೇಶದ ಆಹಾರ ಪ್ಯಾಕೇಜಿಂಗ್ ನಿಯಮಗಳು (2018) ನಿಷೇಧಿಸಿವೆ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2016ರಲ್ಲೂ 2023ರಲ್ಲೂ ಈ ಬಗ್ಗೆ ಎಚ್ಚರಿಸಿದೆ.

ಪ್ಲಾಸ್ಟಿಕ್ ಹಾಳೆಯೂ ಬೇಡ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಕುತ್ತಿದ್ದ ಹೋಟೆಲ್‌ಗಳು ತಪಾಸಣೆಯಲ್ಲಿ ಸಿಕ್ಕಿಬಿದ್ದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಮುಂದಾಯಿತು.

ಫಾರ್ವರ್ಡ್ ಮಾಡುವ ಮುನ್ನ

‘ನ್ಯೂಸ್‌ಪೇಪರಿಗೆ ಎಣ್ಣೆ ಸವರಿ’ ಎಂಬ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಲೇಬೇಕೆಂದಿದ್ದರೆ ಇಷ್ಟು ಬರೆಯಿರಿ: ಸರಿಯಾದ ಕಾಗದ ಹಾಕಿ, ತಣಿಯಲು ಬಿಡಿ, ಆಮೇಲೆ ಬಿಡಿಸಿ. ಮನೆಯಲ್ಲಿ ಕಪ್ ಖಾಲಿಯಾಗಿದ್ದರೆ ಬಟ್ಟಲಿಗೆ ಬೆಣ್ಣೆ ಸವರಿ, ಮೇಲೆ ಚಿಟಿಕೆ ಮೈದಾ ಉದುರಿಸಿ ಹಿಟ್ಟು ಹೊಯ್ಯಿರಿ, ಕಾಗದವೇ ಬೇಕಿಲ್ಲ.