ಬೇಲೆಕೇರಿಯ ಉಬ್ಬರವಿಳಿತವೂ ತ್ರೈರಾಶಿಕದ ಮಿತಿಯೂ

ಗಣಿತದ ಸಮಸ್ಯೆಗಳನ್ನು ಬಿಡಿಸುವುದಕ್ಕೆ ಅಂತರ್ಜಾಲವು ವಿದ್ಯಾರ್ಥಿಗೆ ಇಂದು ಒದಗಿಸಿರುವ ಸಾಧನಗಳ ಯೋಗ್ಯತೆಯನ್ನು ಪರೀಕ್ಷಿಸಬೇಕಾದರೆ, ಪಠ್ಯಪುಸ್ತಕದ ಕೃತಕವಾದ ಲೆಕ್ಕಕ್ಕಿಂತ, ಅಂಕೋಲಾ ತಾಲೂಕಿನ ಬೇಲೆಕೇರಿಯ ಬಂದರಿನಲ್ಲಿ ದಿನದಿನವೂ ಕಣ್ಣಿಗೆ ಬೀಳುವ ಲೆಕ್ಕವೊಂದನ್ನು ಆಯ್ದುಕೊಳ್ಳುವುದು ಉಚಿತವೆಂದು ನನ್ನ ಭಾವನೆ. ಇಳಿತದ ಪರಮಾವಧಿಯಿಂದ ಉಬ್ಬರದ ಪರಮಾವಧಿಯವರೆಗೆ, ಸ್ಥೂಲವಾಗಿ 6 ಗಂಟೆಗಳಲ್ಲಿ, ನೀರು 120 ಸೆಂಟಿಮೀಟರ್ ಏರುವುದೆಂದು ಭಾವಿಸಿದರೆ, ಮೊದಲನೆಯ ಗಂಟೆಯಲ್ಲಿ ಎಷ್ಟು ಏರಿರುತ್ತದೆ?

ನಮ್ಮ ನಾಡಿನ ಗಣಿತಪರಂಪರೆ ಇದಕ್ಕೆ ಮೊದಲು ಸೂಚಿಸುವ ಉಪಾಯವು ತ್ರೈರಾಶಿಕ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಈ ವಿಷಯಕ್ಕೆ ಒಂದು ವ್ಯವಹಾರವೇ, ಎಂದರೆ ಅಧ್ಯಾಯವೇ, ಮೀಸಲಾಗಿದೆ; 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ರಚಿಸಿ ಗಣಿತಶಾಸ್ತ್ರವನ್ನು ಕನ್ನಡಕ್ಕೆ ತಂದನು. 6 ಗಂಟೆ ಪ್ರಮಾಣ, 120 ಫಲ, 1 ಗಂಟೆ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಲು 20 ಸೆಂಟಿಮೀಟರ್ ದೊರೆಯುತ್ತದೆ. ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟವಾದ ಮಹಾವೀರನ ಗ್ರಂಥವು ಇಂಟರ್ನೆಟ್ ಆರ್ಕೈವ್‌ನಲ್ಲಿ ಈಗ ಯಾರಿಗಾದರೂ ಲಭ್ಯವಿರುವುದು ಸಾಮಾನ್ಯ ಸೌಕರ್ಯವಲ್ಲ.

ಆದರೆ ಸಮುದ್ರವು ತ್ರೈರಾಶಿಕಕ್ಕೆ ಅಧೀನವಾಗಿ ಏರುವುದಿಲ್ಲ. ಆರಂಭದಲ್ಲಿ ಮಂದವಾಗಿ, ನಡುವೆ ವೇಗವಾಗಿ, ಕೊನೆಯಲ್ಲಿ ಮತ್ತೆ ಮಂದವಾಗಿ ಅದು ಏರುವುದನ್ನು ದೋಣಿ ನಡೆಸುವವರೆಲ್ಲ ಬಲ್ಲರು. ನಾವಿಕರಲ್ಲಿ ರೂಢಿಯಲ್ಲಿರುವ ದ್ವಾದಶಾಂಶ ನಿಯಮದಂತೆ ಆರು ಗಂಟೆಗಳ ಏರಿಕೆ ಅನುಕ್ರಮವಾಗಿ ಹನ್ನೆರಡರಲ್ಲಿ 1, 2, 3, 3, 2, 1 ಭಾಗ. ಆದುದರಿಂದ ಮೊದಲ ಗಂಟೆಯ ಪಾಲು 10 ಸೆಂಟಿಮೀಟರ್. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ, ಕಾಲವನ್ನು ಗಂಟೆಗಳಲ್ಲಿಟ್ಟು, ಗಂಟೆಗೆ 30 ಅಂಶದಂತೆ ಬೆಳೆಯುವ ಕೋನದ ಕೊಸೈನನ್ನು 60ರಿಂದ ಗುಣಿಸಿ, ಆ ಗುಣಲಬ್ಧವನ್ನು 60ರಿಂದ ಕಳೆದು ವಕ್ರರೇಖೆಯನ್ನು ಎಳೆದರೆ ಸುಮಾರು 8 ಸೆಂಟಿಮೀಟರ್ ಬರುತ್ತದೆ. ಎರಡನೆಯ ಗಂಟೆಯ ಅಂತ್ಯಕ್ಕೆ ನಿಯಮವೂ ವಕ್ರರೇಖೆಯೂ 30 ಎಂದರೆ ತ್ರೈರಾಶಿಕವು 40 ಎನ್ನುತ್ತದೆ. ಮೂರನೆಯ ಗಂಟೆಯ ಅಂತ್ಯಕ್ಕೆ ಮೂರೂ 60ರಲ್ಲಿ ಸೇರುತ್ತವೆ. ಅಪಾಯವಿರುವುದು ಈ ಸೇರುವಿಕೆಯಲ್ಲಿಯೇ: ಮಧ್ಯಬಿಂದುವೊಂದನ್ನೇ ತಾಳೆನೋಡಿದ ವಿದ್ಯಾರ್ಥಿಯು ತನ್ನ ವಿಧಾನವು ಸರ್ವತ್ರ ನಿರ್ದುಷ್ಟವೆಂದು ನಂಬಿಬಿಡುವನು.

ಜಾರ್ಜ್ ಪೋಲ್ಯಾ 1945ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಸಮಸ್ಯಾಪರಿಹಾರದ ಕೊನೆಯ ಹಂತವಾಗಿ ಇಟ್ಟಿರುವ ಪುನರವಲೋಕನವು ಅತ್ಯಾವಶ್ಯಕವಾಗುವುದು ಇಂತಹ ಸ್ಥಳದಲ್ಲಿ. ಖಾನ್ ಅಕಾಡೆಮಿಯ ಕನ್ನಡ ಪಾಠಗಳು, ದೀಕ್ಷಾ ವೇದಿಕೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ಗಣಿತವಿಭಾಗ, ಇವೆಲ್ಲವೂ ಸ್ವಾಗತಾರ್ಹವೇ. ವಿಶೇಷವಾಗಿ ಕೊನೆಯದು ಅಧ್ಯಾಪಕರ ಕೈಗೆ ಕನ್ನಡದಲ್ಲಿಯೇ ಸಾಮಗ್ರಿಯನ್ನಿತ್ತಿರುವುದರಿಂದ ಹೆಚ್ಚಿನ ಪ್ರಶಂಸೆಗೆ ಪಾತ್ರವಾಗಿದೆ. ಸಮೀಕರಣದ ಛಾಯಾಚಿತ್ರವನ್ನು ತೆಗೆದೊಡನೆ ಉತ್ತರವನ್ನು ಹಂತಹಂತವಾಗಿ ಒಪ್ಪಿಸುವ ಸಾಧನಗಳಾದರೋ, ಇಲ್ಲಿ ಅನುಪಾತವನ್ನು ಊಹಿಸುವುದು ಯುಕ್ತವೇ ಎಂದು ತಾವಾಗಿ ಕೇಳಲಾರವು. ಸಮೀಕರಣವು ಹುಟ್ಟುವ ಮೊದಲೇ ತಪ್ಪು ನಡೆದುಹೋಗಿರುತ್ತದೆ.

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಂತರ್ಜಾಲದಲ್ಲಿ ಒದಗಿಸುವ ಕಾರವಾರದ ಉಬ್ಬರವಿಳಿತದ ಮುನ್ಸೂಚನೆಯನ್ನು ತೆಗೆದುಕೊಂಡು ಆ ಅಂಕಿಗಳನ್ನು ವಕ್ರರೇಖೆಯೊಡನೆ ಹೋಲಿಸಿದರೆ ವಿದ್ಯಾರ್ಥಿಗೆ ಮತ್ತೊಂದು ತೊಡಕು ಎದುರಾಗುವುದು: ಒಂದೇ ದಿನದ ಎರಡು ಉಬ್ಬರಗಳು ಸಾಮಾನ್ಯವಾಗಿ ಸಮವಲ್ಲ, ಮತ್ತು ಮರುದಿನದ ಉಬ್ಬರವು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚಂದ್ರನಿಂದ ಉಂಟಾಗುವ, 12 ಗಂಟೆ 25 ನಿಮಿಷಗಳ ಆವರ್ತನಾವಧಿಯ ಪ್ರಧಾನತರಂಗಕ್ಕೆ, ಸುಮಾರು 23 ಗಂಟೆ 56 ನಿಮಿಷಗಳ ದೈನಿಕ ತರಂಗವೊಂದನ್ನು ಜಿಯೋಜೀಬ್ರಾದಲ್ಲಿ ಕೂಡಿಸಿ, ಎರಡರ ಎತ್ತರಗಳನ್ನೂ ಆರಂಭಕಾಲಗಳನ್ನೂ ಜಾರುಪಟ್ಟಿಗಳಿಂದ ಬದಲಿಸುತ್ತ ಹೋದಂತೆ, ಒಂದು ಉಬ್ಬರವು ಎತ್ತರಗೊಂಡು ಮತ್ತೊಂದು ತಗ್ಗುವುದನ್ನು ಅವನು ಪ್ರತ್ಯಕ್ಷವಾಗಿ ಕಾಣಬಲ್ಲನು.