ರತ್ನನ ಯೆಂಡ, ನಮ್ಮ ಪರ್ಮಿಟ್ಟು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಕೋರಿಕೆಗಳಲ್ಲಿ ‘ರತ್ನನ ಪದಗಳು’ ಇಲ್ಲದ ವಾರ ಕಡಿಮೆ. ಮೈಸೂರು ಅನಂತಸ್ವಾಮಿಯವರ ದನಿ ಕೇಳಿದರೆ ಸಾಕು, ದೆಹಲಿಯ ಚಳಿಯಲ್ಲಿರುವವರೂ ಚೆನ್ನೈನ ಸೆಕೆಯಲ್ಲಿರುವವರೂ ಒಂದೇ ಊರಿನವರಾಗಿಬಿಡುತ್ತಾರೆ. ಆ ಪದಗಳನ್ನು ಬರೆದ ಜಿ.ಪಿ. ರಾಜರತ್ನಂ ಸ್ವತಃ ಕುಡಿಯುವವರಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಅವರ ರತ್ನ ಕುಡಿಯುತ್ತಿದ್ದದ್ದು ಏನು ಎಂದು ಯೋಚಿಸಿದ್ದೀರಾ? ವಿಸ್ಕಿಯಲ್ಲ, ಬ್ರಾಂದಿಯಲ್ಲ. ಯೆಂಡ! ಬೇರೆ ಯಾವುದನ್ನಾದರೂ ರುಚಿ ನೋಡಿ ಬೇಡವೆಂದು ಬಿಟ್ಟವನೇನಲ್ಲ ಅವನು. ಊರಲ್ಲಿ ಅವನ ಕೈಗೆಟುಕುತ್ತಿದ್ದದ್ದು ಅದು.

ಈಗ ನಿಮ್ಮನ್ನೇ ಕೇಳೋಣ. ‘ನನಗೆ ಇದೇ ಇಷ್ಟ’ ಎಂದು ನೀವು (ಅಥವಾ ನಿಮ್ಮ ಮನೆಯಲ್ಲಿ ಕುಡಿಯುವವರು) ಹೇಳುವ ಆ ಡ್ರಿಂಕ್ ನಿಮಗೆ ಇಷ್ಟವಾದದ್ದು ಹೇಗೆ? ನಾಲಗೆ ನಮ್ಮದು, ನಿಜ. ಆದರೆ ಆ ನಾಲಗೆಗೆ ಯಾವುದು ತಲುಪಬೇಕು ಎಂದು ನಿರ್ಧರಿಸಿದವರು ಬಹಳ ಸಲ ಅಬ್ಕಾರಿ ಇಲಾಖೆಯವರು. ಇದು ತಮಾಷೆಯ ಮಾತಲ್ಲ. ಮುಂಬೈಯ ಚರಿತ್ರೆಯನ್ನೇ ನೋಡಿ.

ಮೊದಲು ಶೇಂದಿಯ ಗುಣ ತಿಳಿದುಕೊಳ್ಳಬೇಕು. ತೆಂಗಿನದಾಗಲಿ, ತಾಳೆಯದಾಗಲಿ, ಈಚಲಿನದಾಗಲಿ, ಮರದಿಂದ ಇಳಿಸಿದ ಹೊತ್ತಿಗೆ ಅದು ಬರೀ ಸಿಹಿ ರಸ, ಅಂದರೆ ನೀರಾ. ಮಡಕೆಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣ ಬಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿ ಬಂದು ನೊರೆ ಏಳುತ್ತದೆ. ಸಂಜೆಗೆ ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಆಲ್ಕೋಹಾಲ್, ಹೆಚ್ಚು ಕಡಿಮೆ ಇಂದಿನ ಬಿಯರಿನಷ್ಟು. ಮರುದಿನಕ್ಕೆ ಹುಳಿ ಜಾಸ್ತಿ, ಮತ್ತೂ ಬಿಟ್ಟರೆ ವಿನೆಗರ್. ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಸಾನ್ನಾ ಉಬ್ಬುತ್ತಿದ್ದದ್ದು ಇದೇ ಶೇಂದಿಯಿಂದ. ಈಗ ಈಸ್ಟ್ ಹಾಕುತ್ತಾರೆ. ಆ ರುಚಿ ಇಲ್ಲ ಎಂದು ಹಳಬರ ದೂರು.

ಅಂದರೆ ಶೇಂದಿ ಅವತ್ತಿನದು ಅವತ್ತಿಗೆ. ಕೂಡಿಡುವಂತಿಲ್ಲ, ದೂರ ಸಾಗಿಸುವಂತಿಲ್ಲ. ಕುಡಿಯುವವನಿಗೆ ಇದು ತೊಂದರೆಯಲ್ಲ, ತೆರಿಗೆ ಹಾಕುವವನಿಗೆ ದೊಡ್ಡ ತಲೆನೋವು. ಊರೂರಲ್ಲಿ, ತೋಟತೋಟದಲ್ಲಿ ದಿನಕ್ಕೆರಡು ಸಲ ಇಳಿಯುವ ರಸವನ್ನು ಅಳೆಯಲು ಯಾವ ಸರ್ಕಾರದ ಬಳಿ ಅಷ್ಟು ಜನ ಇದ್ದಾರೆ? ಭಟ್ಟಿ ಇಳಿಸಿದ ಸಾರಾಯಿ ಹಾಗಲ್ಲ. ಒಂದು ಕಡೆ ದೊಡ್ಡ ಡಿಸ್ಟಿಲರಿ ಕಟ್ಟಿ ಬಾಗಿಲಿಗೆ ಬೀಗ ಹಾಕಿದರೆ ಹೊರಗೆ ಹೋಗುವ ಪ್ರತಿ ಗ್ಯಾಲನ್ನಿಗೂ ಲೆಕ್ಕ ಸಿಗುತ್ತದೆ.

ಬ್ರಿಟಿಷ್ ಸರ್ಕಾರ ಮಾಡಿದ್ದು ಇದನ್ನೇ. 1878ರಲ್ಲಿ ಬಾಂಬೆ ಅಬ್ಕಾರಿ ಕಾಯ್ದೆ ಬಂತು. ಊರ ಸಣ್ಣಪುಟ್ಟ ಭಟ್ಟಿಗಳ ಕಾಲ ಮುಗಿಯಿತು, ದೊಡ್ಡ ಡಿಸ್ಟಿಲರಿಗಳ ಕಾಲ ಶುರುವಾಯಿತು. ಶೇಂದಿಗೆ ಮರ ಲೆಕ್ಕದಲ್ಲಿ ತೆರಿಗೆ ಏರಿತು. ಮುಂಬೈ ಮತ್ತು ಕೊಂಕಣದಲ್ಲಿ ತಲೆತಲಾಂತರದಿಂದ ಮರ ಹತ್ತುತ್ತಿದ್ದ ಭಂಡಾರಿ ಸಮುದಾಯದವರ ಹೊಟ್ಟೆಯ ಮೇಲೆ ಬಿದ್ದ ಪೆಟ್ಟು ಅದು. ಮರಾಠಿಯಲ್ಲಿ ತೆಂಗಿನದಕ್ಕೆ ‘ಮಾಡಿ’, ತಾಳೆಯದಕ್ಕೆ ‘ತಾಡಿ’ ಎನ್ನುತ್ತಾರೆ. ಈ ಮಾಡಿ ತಾಡಿಗಳ ಜಾಗದಲ್ಲಿ ಹಿಪ್ಪೆ ಹೂವಿನ ಸಾರಾಯಿ ಬಂದು ಕೂತಿತು. ಅದರ ದೊಡ್ಡ ಭಟ್ಟಿಗಳಿದ್ದದ್ದು ಮುಂಬೈ ಬಂದರಿನ ಆಚೆ ದಡದ ಉರಣದಲ್ಲಿ.

ಅಲ್ಲಿಗೂ ನಿಲ್ಲಲಿಲ್ಲ. ಹಿಪ್ಪೆ ಹೂ ಕಾಡಿನಲ್ಲಿ ತಾನಾಗಿ ಉದುರುವಂಥದು. ಬಡವರು ಆರಿಸಿ ತಂದು ಒಣಗಿಸಿ ಕಷ್ಟದ ತಿಂಗಳುಗಳಲ್ಲಿ ಬೇಯಿಸಿ ತಿನ್ನುತ್ತಿದ್ದರು, ಮಿಕ್ಕಿದ್ದರಲ್ಲಿ ಮನೆಮಟ್ಟಿಗೆ ಭಟ್ಟಿ ಇಳಿಸುತ್ತಿದ್ದರು. 1892ರಲ್ಲಿ ಬಂದ ಮ್ಹವ್ರಾ ಕಾಯ್ದೆ ಠಾಣೆ ಮತ್ತು ಕುಲಾಬಾ ಜಿಲ್ಲೆಗಳಲ್ಲಿ ಈ ಹೂವನ್ನು ಕೂಡಿಡುವುದಕ್ಕೇ ಅಂಕುಶ ಹಾಕಿತು. ಡಿಸ್ಟಿಲರಿಯ ಸಾರಾಯಿ ಮಾರಾಟವಾಗಲಿ ಎಂದು ಆಹಾರದ ಹೂವಿಗೂ ಕಾನೂನು! ಇಂದು ಠಾಣೆಯಲ್ಲಿ ಫ್ಲ್ಯಾಟ್ ಮಾಡಿಕೊಂಡಿರುವ ನಮ್ಮ ಕೇಳುಗರಿಗೆ ತಮ್ಮ ಜಿಲ್ಲೆಯ ಈ ಕಥೆ ಗೊತ್ತಿರಲಾರದು.

ಹೀಗೆ ಹೆಂಡಸಾರಾಯಿ ಎಂದರೆ ಪರಕೀಯ ಸರ್ಕಾರದ ಖಜಾನೆ ಎಂದಾಯಿತು. ಗಾಂಧೀಜಿಯವರ ಚಳವಳಿಯಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆದದ್ದಕ್ಕೆ ನೀತಿ ಎಷ್ಟು ಕಾರಣವೋ ಖಜಾನೆಯೂ ಅಷ್ಟೇ ಕಾರಣ. ನಮ್ಮ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದರು. ರತ್ನ ಪುಸ್ತಕದಲ್ಲಿ ಹಾಡುತ್ತಿದ್ದ ಕಾಲದಲ್ಲೇ ಅವನ ಮರ ಉರುಳುತ್ತಿತ್ತು, ನೋಡಿ.

ಅದೇ 1939ರ ಆಗಸ್ಟ್ 1ರಂದು ಮುಂಬೈ ನಗರದಲ್ಲಿ ಮೊದಲ ಪಾನನಿಷೇಧ. ಅದು ಬಹಳ ಕಾಲ ನಿಲ್ಲಲಿಲ್ಲ. ಸ್ವಾತಂತ್ರ್ಯದ ನಂತರ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರ ಕಾಲದಲ್ಲಿ 1949ರ ಬಾಂಬೆ ಪಾನನಿಷೇಧ ಕಾಯ್ದೆ ಬಂತು. 1950ರ ಏಪ್ರಿಲ್‌ನಿಂದ ಇಡೀ ರಾಜ್ಯ ಒಣಗಿತು. ಬಾಲಸಾರಾ ಎಂಬ ನಾಗರಿಕರೊಬ್ಬರು ಕೋರ್ಟಿಗೆ ಹೋದರು. 1951ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿಯಿತು, ಆದರೆ ಆಲ್ಕೋಹಾಲ್ ಬೆರೆತ ಔಷಧಿ, ಸುಗಂಧದ್ರವ್ಯಗಳ ಮೇಲಿನ ನಿರ್ಬಂಧ ಸಲ್ಲದು ಎಂದಿತು. ಇಲ್ಲದಿದ್ದರೆ ಅತ್ತರಿಗೂ ಪರ್ಮಿಟ್ ಬೇಕಾಗುತ್ತಿತ್ತೇನೋ!

ನಿಷೇಧದಿಂದ ಕುಡಿತ ನಿಲ್ಲಲಿಲ್ಲ, ಕುಡಿಯುವ ವಸ್ತು ಬದಲಾಯಿತು. ಮರ ಹತ್ತುವುದು ಹತ್ತು ಜನರ ಕಣ್ಣಿಗೆ ಕಾಣುವ ಕೆಲಸ. ಪೊಲೀಸರಿಗೆ ಕಾಣದಂತೆ ಕತ್ತಲಲ್ಲಿ ಮಾಡಬಹುದಾದದ್ದು ಹಾತಭಟ್ಟಿ. ಕೊಳೆತ ಹಣ್ಣು, ಬೆಲ್ಲ, ನವಸಾಗರ ಹಾಕಿ ಖಾಡಿಯ ಬದಿಯಲ್ಲಿ ಇಳಿಸುತ್ತಿದ್ದ ಸರಕು. ಅದನ್ನು ರಬ್ಬರ್ ಟ್ಯೂಬುಗಳಲ್ಲಿ ತುಂಬಿ ನಗರಕ್ಕೆ ತರುತ್ತಿದ್ದರು. ಮನೆಯ ಮುಂಗೋಣೆಯಲ್ಲೇ ಗ್ಲಾಸು ಇಟ್ಟು ಕೊಡುತ್ತಿದ್ದ ‘ಆಂಟಿ’ಯರ ಅಡ್ಡೆಗಳು ಮುಂಬೈಯ ದಂತಕಥೆಯ ಭಾಗವೇ ಆಗಿಹೋದವು. ಸಿನಿಮಾದವರು, ಪತ್ರಕರ್ತರು ಅವುಗಳನ್ನು ನೆನೆದು ನಗುವುದುಂಟು. ನನಗೆ ಪೂರ್ತಿ ನಗು ಬರುವುದಿಲ್ಲ. ಅದೇ ಕಳ್ಳ ಸಾರಾಯಿಯ ಸಂತತಿ 2004ರಲ್ಲಿ ವಿಕ್ರೋಲಿಯಲ್ಲಿ, 2015ರ ಜೂನ್‌ನಲ್ಲಿ ಮಾಲವಣಿಯಲ್ಲಿ ಸಾಲುಸಾಲಾಗಿ ಕೂಲಿಕಾರರನ್ನು ಕೊಂದಿತು. ಮಾಲವಣಿಯೊಂದರಲ್ಲೇ ಸತ್ತವರು ನೂರಕ್ಕೂ ಹೆಚ್ಚು. ಅವರಲ್ಲಿ ಯಾರಿಗೂ ಮೆಥನಾಲ್ ‘ಇಷ್ಟದ ಡ್ರಿಂಕ್’ ಆಗಿರಲಿಲ್ಲ.

ಇನ್ನು ಪರ್ಮಿಟ್ ರೂಮ್. ಮುಂಬೈಗೆ ಹೊಸದಾಗಿ ಬಂದಾಗ ಆ ಬೋರ್ಡು ನೋಡಿ, ಯಾವುದೋ ಸರ್ಕಾರಿ ಪರವಾನಗಿ ಇದ್ದವರಿಗೆ ಉಳಿದುಕೊಳ್ಳಲು ರೂಮು ಸಿಗುತ್ತದೆ ಎಂದುಕೊಂಡಿದ್ದೆ. ಕೌಂಟರಿನಲ್ಲಿದ್ದ ಶೆಟ್ಟರು ನಕ್ಕು, “ರೂಮು ಅಲ್ಲ ಮಾರಾಯ್ರೆ, ಪೆಗ್ಗು” ಎಂದರು. ಹೆಸರಿನ ಮೂಲ ಆ 1949ರ ಕಾಯ್ದೆಯೇ. ನಿಷೇಧ 1960ರ ದಶಕದಲ್ಲಿ ಸಡಿಲಗೊಂಡಿತು, 1970ರ ದಶಕದ ಆರಂಭದಲ್ಲಿ ಇನ್ನಷ್ಟು. ಆದರೆ ಕಾಯ್ದೆ ಹೋಗಲಿಲ್ಲ. ಇವತ್ತಿಗೂ ಮಹಾರಾಷ್ಟ್ರದಲ್ಲಿ ಕುಡಿಯಲು ಕಾನೂನಿನ ಪ್ರಕಾರ ಪರ್ಮಿಟ್ ಬೇಕು. ಅದರಲ್ಲಿ ಕಾರಣ ಏನೆಂದು ಬರೆದಿರುತ್ತದೆ ಗೊತ್ತೇ? ಆರೋಗ್ಯವನ್ನು ಕಾಪಾಡಿಕೊಳ್ಳಲು!

ಆ ಕೌಂಟರಿನ ಹಿಂದೆ ನಿಂತವರನ್ನು ಸ್ವಲ್ಪ ಗಮನಿಸಿ. ಬಹಳಷ್ಟು ಕಡೆ ನಮ್ಮ ಉಡುಪಿ, ದಕ್ಷಿಣ ಕನ್ನಡದವರೇ, ಬಂಟರು, ಬಿಲ್ಲವರು. ಬಿಲ್ಲವರಲ್ಲಿ ಅನೇಕರಿಗೆ ಊರಿನಲ್ಲಿ ಕುಲಕಸುಬು ಮೂರ್ತೆ, ಅಂದರೆ ಶೇಂದಿ ಇಳಿಸುವುದು. ಮದ್ಯ ತಯಾರಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಅವರಿಗೆ ಹೇಳಿದವರು ಕುದ್ರೋಳಿಯ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು. ಅದು ಒಳಗಿನಿಂದ ಬಂದ ಮಾತು. ಹೊರಗಿನಿಂದ ಬಂದದ್ದು ಕಾನೂನು. ಜಿಲ್ಲೆ ಆಗ ಮದರಾಸು ಪ್ರಾಂತದಲ್ಲಿತ್ತು, 1948ರಲ್ಲಿ ಪ್ರಾಂತದಾದ್ಯಂತ ಪಾನನಿಷೇಧವಾಯಿತು. ಮೂರ್ತೆದಾರರ ಕಸುಬು ಅಪರಾಧವಾಯಿತು. ಕರಾವಳಿಯವರು ಮುಂಬೈ ಹಡಗು ಹತ್ತಿದ್ದಕ್ಕೆ ನೂರು ಕಾರಣಗಳಿವೆ, ಇದೊಂದೇ ಎನ್ನಲಾರೆ. ಆದರೂ ಮರದ ತುದಿಯಿಂದ ಶೇಂದಿ ಇಳಿಸಿದ ಅಜ್ಜನ ಮೊಮ್ಮಗ ಅಂಧೇರಿಯಲ್ಲಿ ವಿಸ್ಕಿಯ ಪೆಗ್ಗು ಅಳೆಯುವುದನ್ನು ಕಂಡಾಗ ಆ 1948 ನೆನಪಾಗದೆ ಇರುವುದಿಲ್ಲ.

ಉಳಿದ ಊರುಗಳ ಕಥೆಯೂ ಇದೇ ಜಾತಿಯದು. ಚೆನ್ನೈ ಮಿತ್ರರೇ, ನಿಮ್ಮಲ್ಲಿ ರಾಜಾಜಿ 1937ರಲ್ಲಿ ಸೇಲಂನಿಂದ ಶುರು ಮಾಡಿದ ನಿಷೇಧವನ್ನು ಕರುಣಾನಿಧಿ 1971ರಲ್ಲಿ ತೆಗೆದರು, 1974ರಲ್ಲಿ ಮತ್ತೆ ತಂದರು. 1987ರಿಂದ ಶೇಂದಿ, ಸಾರಾಯಿ ಎರಡೂ ಇಲ್ಲ. 2003ರಿಂದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮ್ಯಾಕ್ ಅಂಗಡಿಗಳದ್ದೇ. ಗಡಿ ದಾಟಿ ಕೇರಳಕ್ಕೆ ಹೋದರೆ ಉಲ್ಟಾ: 1996ರಲ್ಲಿ ಸಾರಾಯಿ ಹೋಯಿತು, ಶೇಂದಿ ಅಂಗಡಿ ಉಳಿಯಿತು. ಹೈದರಾಬಾದಿನಲ್ಲಿ 2004ರಲ್ಲಿ ಮುಚ್ಚಿದ ಕಲ್ಲು ಕಾಂಪೌಂಡುಗಳು ತೆಲಂಗಾಣವಾದ ಮೇಲೆ 2014ರಲ್ಲಿ ತೆರೆದವು. ಪುಣೆಯವರ ಹೊಸ ಇಷ್ಟ ವೈನ್. ಅದರ ಹಿಂದೆ ಮಹಾರಾಷ್ಟ್ರ 2001ರಲ್ಲಿ ತಂದ ದ್ರಾಕ್ಷಿ ಸಂಸ್ಕರಣಾ ನೀತಿ ಇದೆ, ಅಬ್ಕಾರಿ ರಿಯಾಯಿತಿ ಇದೆ. ದೆಹಲಿಯವರ ಚಳಿಗಾಲದ ರಮ್ಮಿನ ಮೂಲ ಹುಡುಕಿದರೆ ಎಡ್ವರ್ಡ್ ಡೈಯರ್ 1855ರಲ್ಲಿ ಕಸೌಲಿಯಲ್ಲಿ ಕಟ್ಟಿದ ಬ್ರೂವರಿಗೆ ಹೋಗಿ ಮುಟ್ಟುತ್ತೇವೆ. ಜಲಿಯನ್‌ವಾಲಾಬಾಗಿನ ಜನರಲ್ ಡೈಯರ್ ಅವರ ಮಗ. ಓಲ್ಡ್ ಮಾಂಕ್ ಬಂದದ್ದು ಬಹಳ ನಂತರ, 1954ರಲ್ಲಿ, ಕಂಪನಿ ಭಾರತೀಯರ ಕೈಗೆ ಬಂದ ಮೇಲೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ರಮ್ ಮಾಡುವುದು ಸರಿ. ನಮ್ಮ ಅಗ್ಗದ ‘ವಿಸ್ಕಿ’ಗಳಲ್ಲಿ ಬಹುಪಾಲಿಗೂ ಅದೇ ಕಾಕಂಬಿಯ ಸ್ಪಿರಿಟ್ಟು ಆಧಾರ. ಆ ಕಾರಣಕ್ಕೇ ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರಿ ಬಾರ್ಲಿಯಿಂದ ಮಾಡಿದ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲ್ಯಾಸ್ಗೋದಲ್ಲೇ ಬಿಡುಗಡೆ ಮಾಡಿದ್ದು ಅದಕ್ಕೊಂದು ಒಳ್ಳೆಯ ಉತ್ತರ.

ಕೊನೆಗೆ ರತ್ನನ ಊರಿಗೆ ಬರೋಣ. ಕಲಬೆರಕೆ ವಿಪರೀತವಾಯಿತೆಂದು ಕರ್ನಾಟಕದಲ್ಲಿ 2004ರಲ್ಲಿ, ಕರಾವಳಿ ಹೊರತು, ಶೇಂದಿ ಬಂದ್ ಆಯಿತು. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿಯೂ ಹೋಯಿತು. ಸಾರಾಯಿ ನಿಲ್ಲಿಸಿ ಎಂದ ಹೆಂಗಸರ ಕೂಗು ಸುಳ್ಳಲ್ಲ. 1992ರಲ್ಲಿ ನೆಲ್ಲೂರಿನ ದುಬಗುಂಟದ ಹೆಂಗಸರು ಅಂಗಡಿ ಮುಚ್ಚಿಸಿದ್ದೂ ಕೂಲಿ ಹಣ ಮನೆಗೆ ಬರಲಿ ಎಂದೇ. ಬೆಂಗಳೂರಿನಲ್ಲಿ 1981ರ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಮರೆಯುವಂತಿಲ್ಲ. ಆದರೆ ಸಾರಾಯಿ ಹೋದ ಜಾಗ ಖಾಲಿ ಉಳಿಯಲಿಲ್ಲ. ಅಗ್ಗದ ವಿಸ್ಕಿಯ ಸಣ್ಣ ಪ್ಯಾಕುಗಳು ಬಂದವು, ಶೇಕಡಾ 42.8ರ ಖಡಕ್ಕು. ನಾಲ್ಕೈದರ ಶೇಂದಿ ಕುಡಿಯುತ್ತಿದ್ದ ಕೂಲಿಯವನಿಗೆ ಅಂಗಡಿಯಲ್ಲಿ ಸಿಗುವುದು ಈಗ ಇದು. ಕಡಿಮೆ ಕೆಡುಕಿನದನ್ನು ಮುಚ್ಚಿ ಹೆಚ್ಚು ಕೆಡುಕಿನದಕ್ಕೆ ಲೈಸೆನ್ಸು ಕೊಟ್ಟದ್ದು ಜಾಣತನವೇ? ನನಗಂತೂ ಅನ್ನಿಸುವುದಿಲ್ಲ. ಅಂಕುಶ ಬೇಕಿದ್ದದ್ದು ಕಲಬೆರಕೆ ಮಾಡುವವನಿಗೆ, ಮರ ಹತ್ತುವವನಿಗಲ್ಲ.

ನಿಮ್ಮ ಮನೆಯ ಹಿರಿಯರು ಏನು ಕುಡಿಯುತ್ತಿದ್ದರು, ಅದು ಯಾವಾಗ ನಿಂತಿತು, ಅದರ ಜಾಗಕ್ಕೆ ಏನು ಬಂತು? ಶೇಂದಿ ಇಳಿಸುತ್ತಿದ್ದವರ ಮನೆಯವರು ಯಾರಾದರೂ ಇದ್ದರೆ ತಪ್ಪದೆ ಬರೆಯಿರಿ. ಬಂದದ್ದನ್ನು ಮುಂದಿನ ಸಂಚಿಕೆಗಳಲ್ಲಿ ಹಾಕುತ್ತೇವೆ, ಒಂದಿಷ್ಟನ್ನು ಕಾರ್ಯಕ್ರಮದಲ್ಲೂ ಓದುತ್ತೇವೆ. ನಡುವೆ ರತ್ನನ ಪದವೂ ಇರುತ್ತದೆ.