ದುರ್ಗದ ಫ್ಯಾನುಗಳು ಮತ್ತು ಮಳೆ

ಹಿರಿಯೂರು ದಾಟಿ ದುರ್ಗದ ಕಡೆ ಹೋಗಿದ್ದರೆ ಗುಡ್ಡದ ಮೇಲಿನ ಬಿಳಿ ಫ್ಯಾನುಗಳನ್ನು ನೋಡಿರ್ತೀರಿ. ಹೊಸದುರ್ಗ, ಹೊಳಲ್ಕೆರೆ ಗುಡ್ಡಗಳಲ್ಲೂ ಅವೇ. ಅವು ಮೋಡ ಓಡಿಸಿ ಮಳೆ ಕೆಡಿಸ್ತವೆ ಅಂತ ನಂಬಿದವರು ನಮ್ಮ ಕಡೆ ಬಹಳ.

ಇತಿಹಾಸ ಹಾಗೆ ಹೇಳಲ್ಲ. ಇದು ಮೊದಲಿಂದಲೂ ಬರದ ಸೀಮೆ. ಅದಕ್ಕೇ ಮೈಸೂರು ಸರ್ಕಾರ 1907ರಲ್ಲಿ ಮಾರಿಕಣಿವೆ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ, ಫ್ಯಾನೇ ಇಲ್ಲದ ದಶಕಗಳಲ್ಲೂ ಮತ್ತೆ ಕೋಡಿ ಬೀಳಲಿಲ್ಲ. ಬಿದ್ದದ್ದು 2022ರಲ್ಲಿ, ಫ್ಯಾನುಗಳು ತಿರುಗ್ತಿದ್ದಾಗಲೇ! (ಭದ್ರೆಯ ನೀರೂ ಸೇರಿತ್ತು ಅನ್ನಿ.)

ಹಾಗಂತ ಗಾಳಿ ಕರೆಂಟು ಪುಕ್ಕಟೆ ಅಲ್ಲ. ಜೋಗಿಮಟ್ಟಿಯಂಥ ಕಾಡುಗುಡ್ಡದ ನೆತ್ತಿಗೆ ರಸ್ತೆ ಕೊರೀಬೇಕು. ಮಹಾರಾಷ್ಟ್ರದ ಚಾಲ್ಕೆವಾಡಿಯಲ್ಲಿ ಬೆಂಗಳೂರಿನ ಐಐಎಸ್ಸಿಯವರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ಯಾನುಗಳಿರುವ ಕಡೆ ಬೇಟೆ ಹಕ್ಕಿಗಳು ಕಮ್ಮಿ, ಅವು ತಿನ್ನೋ ಹಲ್ಲಿಜಾತಿಯ ಓತಿಗಳು ಜಾಸ್ತಿ.

ಇನ್ನು ಕಲ್ಲಿದ್ದಲು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಒಲೆ ಹೊತ್ತಿತು. ಗಣಿ ಮಾತ್ರ ನಮ್ಮ ರಾಜ್ಯದಲ್ಲಿಲ್ಲ, ಸಿಂಗರೇಣಿಯಂಥ ದೂರದ ಊರುಗಳಲ್ಲಿ. ಐಪಿಸಿಸಿಯ 2014ರ ವರದಿ ಪ್ರಕಾರ ಒಂದು ಯೂನಿಟ್ಟಿಗೆ ಕಲ್ಲಿದ್ದಲಿನ ಹಸಿರುಮನೆ ಅನಿಲ ಸುಮಾರು 820 ಗ್ರಾಂ; ಗಾಳಿಯದ್ದು, ಕಂಬ-ರೆಕ್ಕೆ ತಯಾರಿಸೋದೂ ಸೇರಿ, 11-12 ಗ್ರಾಂ.

ನನ್ನ ತಕ್ಕಡಿ ಗಾಳಿಯ ಕಡೆಗೇ. ಆದ್ರೆ ಈಗಿನ ಎತ್ತರದ ಕಂಬಗಳು ಬಯಲಲ್ಲೂ ಗಾಳಿ ಹಿಡೀತವೆ. ಇನ್ನು ಮೇಲಾದ್ರೂ ಕಾಡಿನ ನೆತ್ತಿ ಬಿಟ್ಟುಬಿಡಬಹುದಲ್ವಾ? ಏನಂತೀರಿ?